ಮಳೆಗಾಲದಲ್ಲಿ ಅಡೇನಿಯಂ ಗಡ್ಡೆ ಕೊಳೆಯದಂತೆ

ಬುಡ ಗಡ್ಡೆಯಂತೆ ಉಬ್ಬಿರುವ ಹೂಗಿಡ ಅಡೇನಿಯಂನ (ಡೆಸರ್ಟ್ ರೋಸ್) ತವರು ಅರಬ್ ನಾಡು, ಪೂರ್ವ ಆಫ್ರಿಕಾದ ಒಣ ಮರಳು ನೆಲ. ಹೆಸರು ಬಂದಿದ್ದೇ ಯೆಮನ್‌ನ ಏಡನ್ ಊರಿನಿಂದ. ಅಂಥ ಗಿಡವನ್ನು ತೀರ್ಥಹಳ್ಳಿ, ಹೊಸನಗರ ಕಡೆಯ ಅಂಗಳದಲ್ಲಿ ದಾಸವಾಳದ ಸಾಲಿಗೆ ಇಟ್ಟರೆ ಆರಿದ್ರಾ ಮಳೆ ಮುಗಿಯುವುದರೊಳಗೆ ಗಡ್ಡೆ ಮೆತ್ತಗಾಗುತ್ತದೆ. ಮೃಗಶಿರಾ ಹಿಡಿಯುವ ಮೊದಲೇ ಕುಂಡವನ್ನು ಸೂರಿನೊಳಗೆ, ಎರಚಲು ತಾಗದಷ್ಟು ಒಳಗೆ ಇಟ್ಟುಬಿಡಿ. ಆದರೆ ಬೆಳಕು ಬೇಕು. ಕತ್ತಲೆ ಕೋಣೆ ಬೇಡ.

ಕೊಟ್ಟಿಗೆ ಗೊಬ್ಬರ ತುಂಬಿ ಮುದ್ದು ಮಾಡುವವರ ಗಿಡವೇ ಮೊದಲು ಸಾಯುವುದು. ಎರಡು ಪಾಲು ದಪ್ಪ ಹೊಳೆಮರಳು, ಒಂದು ಪಾಲು ಇದ್ದಿಲು ಮತ್ತು ಹೆಂಚಿನ ಚೂರು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಇಷ್ಟೇ ಸಾಕು. ಹಾಕಿದ ನೀರು ಕೂಡಲೇ ಕೆಳಗಿನ ತೂತಿನಿಂದ ಇಳಿಯಬೇಕು. ಕುಂಡದ ಅಡಿಗೆ ತಟ್ಟೆ ಇಡಬೇಡಿ. ಕುಂಡ ಬದಲಿಸುವುದು ಫೆಬ್ರವರಿ, ಮಾರ್ಚ್‌ನಲ್ಲಿ. ಗಡ್ಡೆಯನ್ನು ಮೊದಲಿಗಿಂತ ಒಂದಂಗುಲ ಮೇಲೆ ಕೂರಿಸಿ, ಬೇರಿನ ಗಾಯ ಒಣಗಲು ಒಂದು ವಾರ ನೀರು ಕೊಡಬೇಡಿ. ಕೊಂಬೆ ಸವರುವುದಕ್ಕೂ ಅದೇ ಕಾಲ. ಸವರಿದಷ್ಟೂ ಕವಲು, ಕವಲಿನ ತುದಿಗೇ ಹೂವು.

ಬೇಸಿಗೆಯಲ್ಲಿ ಮೇಲಿನ ಎರಡಂಗುಲ ಒಣಗಿದ ಮೇಲೆ ನೀರು. ಮಳೆಗಾಲದಲ್ಲಿ ಗಾಳಿಯ ತಂಪೇ ಸಾಕಾಗುವಷ್ಟಿರುತ್ತದೆ, ಎರಡು ಮೂರು ವಾರಕ್ಕೊಮ್ಮೆ ಒಂದು ಲೋಟ ಹಾಕಿದರೂ ಹೆಚ್ಚೇ. ಚಳಿಗೆ ಎಲೆ ಉದುರಿದರೆ ಗಾಬರಿಯಾಗಿ ನೀರು ಸುರಿಯಬೇಡಿ, ಅದರ ನಿದ್ದೆ ಅದು.

ವಾರಕ್ಕೊಮ್ಮೆ ಗಡ್ಡೆ ಒತ್ತಿ ನೋಡಿ. ಮಣ್ಣು ಒಣಗಿ ಗಡ್ಡೆ ಸುತ್ತಲೂ ಸುಕ್ಕಾಗಿದ್ದರೆ ಬಾಯಾರಿಕೆ. ಮಣ್ಣು ಹಸಿ ಇದ್ದು ಒಂದೇ ಕಡೆ ಬೆರಳು ಇಳಿದರೆ ಕೊಳೆ. ಆಗ ಕಿತ್ತು ತೊಳೆದು, ಕಂದು ಭಾಗವನ್ನೆಲ್ಲ ಬಿಳಿ ತಿರುಳು ಕಾಣುವವರೆಗೆ ಕೆತ್ತಬೇಕು. ಒಂದು ಚುಕ್ಕೆ ಉಳಿದರೂ ಮತ್ತೆ ಹಬ್ಬುತ್ತದೆ. ಅಡಿಕೆ ಬೆಳೆಯುವವರ ಮನೆಯಲ್ಲಿ ಮೈಲುತುತ್ತ (ಕಾಪರ್ ಸಲ್ಫೇಟ್) ಇದ್ದೇ ಇರುತ್ತದಲ್ಲ, ಹತ್ತು ಗ್ರಾಂ ಅದು, ಹತ್ತು ಗ್ರಾಂ ಸುಣ್ಣ, ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಐವತ್ತೈವತ್ತು ಮಿಲಿ ನೀರಿಗೆ ಕಲಸಿ, ಆಮೇಲೆ ಕೂಡಿಸಿ ಗಾಯಕ್ಕೆ ಬಳಿಯಿರಿ. ಗಿಡವನ್ನು ನೆರಳಲ್ಲಿ ತಲೆಕೆಳಗೆ ನೇತುಹಾಕಿ, ಗಾಯ ಗಟ್ಟಿಯಾದ ಮೇಲೆ ಒಣ ಮರಳಿಗೆ ನೆಡಿ.

ಕೊಯ್ದಾಗ ಬರುವ ರಸ ವಿಷ, ಕಣಗಿಲೆಯ ಬಳಗವಲ್ಲವೇ? ಆಫ್ರಿಕಾದಲ್ಲಿ ಬಾಣದ ತುದಿಗೆ ಹಚ್ಚುತ್ತಿದ್ದರು. ಕೈಗವಸು ಹಾಕಿ, ಕತ್ತಿ ತೊಳೆಯಿರಿ; ಸವರಿದ ಕೊಂಬೆಯನ್ನು ದನದ ಬಾಯಿಗೆ ಸಿಗುವಂತೆ ಬಿಸಾಡಬೇಡಿ.