ಐದು ಕೋಣೆ, ಐದು ಕರಾರು: ಬಾಡಿಗೆದಾರರಿರುವ ಮನೆ ಕೊಳ್ಳುವುದು ಹೇಗೆ?

ಇಂಗ್ಲೆಂಡ್‌ನಲ್ಲಿ ‘ಶೇರ್ಡ್ ಹೌಸ್’ ಎಂದರೆ ಅಡುಗೆಮನೆ, ಬಚ್ಚಲು ಎಲ್ಲರಿಗೂ ಒಂದೇ, ಕೋಣೆಗೊಬ್ಬ ಬಾಡಿಗೆದಾರ. ಅಂಥ ಮನೆಯನ್ನು ಸ್ವಂತ ವಾಸಕ್ಕೆ ಕೊಳ್ಳಲು ಹೋದರೆ ಏಜೆಂಟ್ ಹೇಳುವುದು ಒಂದೇ ಮಾತು: ‘ಖಾಲಿ ಮಾಡಿಸಿಯೇ ಕೊಡುತ್ತೇವೆ.’ ಆ ಮಾತು ಮಾರಾಟದ ಕರಾರಿನಲ್ಲಿ ಬರುವ ತನಕ ಅದಕ್ಕೆ ಕಾಸಿನ ಬೆಲೆಯಿಲ್ಲ. ಬಂದ ಮೇಲೂ ಒಂದು ತೊಡಕು ಉಳಿಯುತ್ತದೆ: ಆ ಕರಾರಿಗೆ ಸಹಿ ಹಾಕುವುದು ಮಾರುವವರು, ಒಳಗಿರುವವರಲ್ಲ.

ಹಾಗಾಗಿ ಮೊದಲು ಬಾಡಿಗೆ ಪತ್ರಗಳನ್ನು ತರಿಸಿಕೊಂಡು ಓದಿ. ಎಲ್ಲರೂ ಸೇರಿ ಒಂದೇ ಪತ್ರಕ್ಕೆ ಸಹಿ ಹಾಕಿದ್ದಾರೋ, ಕೋಣೆಗೊಂದು ಪತ್ರವೋ? ಕೋಣೆಗೊಂದಾದರೆ ನೋಟಿಸೂ ಒಬ್ಬೊಬ್ಬರಿಗೆ ಬೇರೆ, ಕೋರ್ಟಿನ ದಾರಿಯೂ ಬೇರೆ. ನಾಲ್ವರು ಹೋಗಿ ಐದನೆಯವರು ಉಳಿದರೆ ಮನೆ ಖಾಲಿಯಾದಂತಲ್ಲ. ಪತ್ರದಲ್ಲಿ ಹೆಸರಿಲ್ಲದೆ ವಾಸವಾಗಿರುವವರ ಬಗ್ಗೆಯೂ ಕೇಳಿ. ಮಾರುವವರು ತುಂಬಿಕೊಡುವ ಟಿಎ6 ಫಾರಂನಲ್ಲಿ ಮನೆಯಲ್ಲಿ ಯಾರಿದ್ದಾರೆ, ಖಾಲಿ ಮಾಡಿ ಕೊಡುತ್ತೀರಾ ಎಂಬ ಪ್ರಶ್ನೆಗಳಿವೆ. ಉತ್ತರ ಅಸ್ಪಷ್ಟವಾಗಿದ್ದರೆ ನಿಮ್ಮ ಸಾಲಿಸಿಟರ್ (ವಕೀಲರು) ಮೂಲಕ ಮತ್ತೆ ಕೇಳಿಸಿ.

ಮುಂದಿನದು ಕ್ಯಾಲೆಂಡರಿನ ಲೆಕ್ಕ. ಬಹಳ ಜನ ಎಡವುವುದು ಇಲ್ಲೇ. ಕಾರಣ ಹೇಳದೆ ಎರಡು ತಿಂಗಳ ನೋಟಿಸ್ ಕೊಡುವ ‘ಸೆಕ್ಷನ್ 21’ ದಾರಿಯನ್ನು 2025ರ ಬಾಡಿಗೆದಾರರ ಹಕ್ಕು ಕಾಯ್ದೆ 2026ರ ಮೇ 1ರಿಂದ ಮುಚ್ಚಿದೆ. ಮನೆ ಮಾರುವುದೇ ಕಾರಣವಾದರೆ ಮಾಲೀಕರು ನಾಲ್ಕು ತಿಂಗಳ ನೋಟಿಸ್ ಕೊಡಬೇಕು. ಅದೂ ಬಾಡಿಗೆ ಶುರುವಾದ ಮೊದಲ 12 ತಿಂಗಳೊಳಗೆ ಬಾಡಿಗೆದಾರರನ್ನು ಹೊರಗೆ ಕಳಿಸುವಂತಿಲ್ಲ. ಬಾಡಿಗೆದಾರರ ಠೇವಣಿಯನ್ನು ಅಧಿಕೃತ ಯೋಜನೆಯಲ್ಲಿ ಇಟ್ಟಿರದಿದ್ದರೆ ಕೋರ್ಟ್ ಆದೇಶವೇ ಸಿಗುವುದಿಲ್ಲ. ನೋಟಿಸ್ ಅವಧಿ ಮುಗಿದರೂ ಅವರು ಕದಲದಿದ್ದರೆ ಕೋರ್ಟಿಗೇ ಹೋಗಬೇಕು. ಬೀಗ ಬದಲಿಸಿ ಹೊರಹಾಕುವುದು 1977ರ ಕಾಯ್ದೆಯ ಪ್ರಕಾರ ಅಪರಾಧ, ಅದಕ್ಕೆ ಮಾರುವವರನ್ನು ನೀವೂ ಒತ್ತಾಯಿಸಬೇಡಿ. ಇಷ್ಟರಲ್ಲಿ ನಿಮ್ಮ ಸಾಲದ ಮಂಜೂರಾತಿಯ ಗಡುವೇ ದಾಟಿಹೋದೀತು. ಎಷ್ಟೋ ಸಲ ಮಾರುವವರೇ ಬಾಡಿಗೆದಾರರಿಗೆ ಒಂದಿಷ್ಟು ಹಣ ಕೊಟ್ಟು, ಬಿಟ್ಟುಕೊಡುವ ಪತ್ರ ಬರೆಸಿಕೊಳ್ಳುವುದೇ ಬೇಗನೆ ಮುಗಿಯುವ ದಾರಿ.

ಕರಾರಿನಲ್ಲಿ ‘ಖಾಲಿ ಸ್ವಾಧೀನ’ದ ಷರತ್ತು ಇರಲೇಬೇಕು. ಆದರೆ ನನ್ನ ಮಟ್ಟಿಗೆ ಅದಕ್ಕಿಂತ ಮುಖ್ಯವಾದದ್ದು, ಮನೆ ಖಾಲಿಯಾದದ್ದನ್ನು ಕಣ್ಣಾರೆ ಕಾಣದೆ ಕರಾರು ವಿನಿಮಯಕ್ಕೆ, ಅಂದರೆ ಸಹಿ ಹಾಕಿದ ಪ್ರತಿಗಳನ್ನು ಎರಡೂ ಕಡೆಯವರು ಅದಲುಬದಲು ಮಾಡಿಕೊಳ್ಳುವುದಕ್ಕೆ, ಒಪ್ಪದಿರುವುದು. ವಿನಿಮಯವಾದ ಕ್ಷಣದಿಂದ ನೀವೂ ಬದ್ಧರು, ಸಾಮಾನ್ಯವಾಗಿ ಶೇಕಡಾ 10ರಷ್ಟು ಮುಂಗಡವೂ ಕೈಬಿಟ್ಟಿರುತ್ತದೆ. ಮನೆ ಕೈಸೇರಬೇಕಾದ ಕೊನೆಯ ದಿನ ಮಾರುವವರು ಖಾಲಿ ಮಾಡಿಕೊಡಲು ಸೋತರೆ, ವಾಡಿಕೆಯ ಷರತ್ತುಗಳಡಿ ನೋಟಿಸ್ ಕೊಟ್ಟು 10 ಕೆಲಸದ ದಿನ ಕಾದು, ಆಮೇಲೆ ಕರಾರು ರದ್ದುಮಾಡಿ ಮುಂಗಡ ವಾಪಸು ಪಡೆಯಬಹುದು. ಅಷ್ಟು ದಿನ ಸಾಮಾನು ತುಂಬಿದ ಲಾರಿಯನ್ನು ಎಲ್ಲಿ ನಿಲ್ಲಿಸುತ್ತೀರಿ?

ಜನ ಹೋದ ಮಾತ್ರಕ್ಕೆ ಮುಗಿಯಿತು ಎಂದುಕೊಳ್ಳಬೇಡಿ. 1946ರಲ್ಲಿ ಅಲ್ಲಿನ ಅಪೀಲು ನ್ಯಾಯಾಲಯದ ಮುಂದೆ ಬಂದ ಮೊಕದ್ದಮೆಯೊಂದರಲ್ಲಿ ಗೋದಾಮಿನ ನೆಲಮಾಳಿಗೆಯ ಬಹುಭಾಗ ಕಸವೇ ತುಂಬಿತ್ತು, ಗಟ್ಟಿಯಾಗಿ ಹೋದ ಸಿಮೆಂಟ್ ಚೀಲಗಳೂ ಇದ್ದವು. ಒಳಗೆ ಒಬ್ಬ ಮನುಷ್ಯನೂ ಇರಲಿಲ್ಲ. ಆದರೂ ಅದು ಖಾಲಿ ಸ್ವಾಧೀನವಲ್ಲ ಎಂದಾಯಿತು. ಹಾಗಾಗಿ ಹಣ ಹೋಗುವ ದಿನ ಬೆಳಿಗ್ಗೆ ಇನ್ನೊಮ್ಮೆ ಹೋಗಿ ಅಟ್ಟ, ಶೆಡ್, ಪ್ರತಿ ಕೋಣೆಯ ಕಪಾಟು ತೆರೆದು ನೋಡಿ. ಯಾರದೋ ಬಟ್ಟೆ ನೇತಾಡುತ್ತಿದ್ದರೆ ಅಲ್ಲಿಂದಲೇ ಸಾಲಿಸಿಟರ್‌ಗೆ ಫೋನ್ ಮಾಡಿ, ಹಣ ಕಳಿಸುವ ಮೊದಲು.