ಪಾಠ ಚೆನ್ನಾಗಿ ಮಾಡ್ತೀರಿ, ಸರಿ. ಪಠ್ಯಪುಸ್ತಕ ಬರೆಯೋದನ್ನ ಕಲಿಯೋದು ಹೇಗೆ?

ಎಷ್ಟೋ ವರ್ಷ ಪಾಠ ಮಾಡಿ ಒಳ್ಳೇ ಹೆಸರು ತಗೊಂಡಿರೋ ಮೇಷ್ಟ್ರುಗಳೇ ಪುಸ್ತಕ ಬರೆಯೋಕೆ ಕೂತಾಗ ಮೊದಲ ಅಧ್ಯಾಯದಲ್ಲೇ ಒದ್ದಾಡ್ತಾರೆ. ಇದಕ್ಕೆ ಕಾರಣ ವಿಷಯ ಗೊತ್ತಿಲ್ಲದೇ ಇರೋದಲ್ಲ. ಕ್ಲಾಸಲ್ಲಿ ಯಾರಾದ್ರೂ ಹುಬ್ಬು ಗಂಟಿಕ್ಕಿದ್ರೆ ಸಾಕು, ಅದೇ ಮಾತನ್ನ ಇನ್ನೊಂದು ಥರ ಹೇಳ್ತೀರಿ, ಬೋರ್ಡ್ ಮೇಲೆ ಚಿತ್ರ ಬಿಡಿಸ್ತೀರಿ, ಆದ್ರೆ ಹಾಳೆ ಮುಂದೆ ಕೂತಾಗ ಆ ಮುಖ ಎದುರಿಗೆ ಇರಲ್ಲ. ಇನ್ನೊಂದು ತೊಡಕು ಪಿಎಚ್‌ಡಿಯಿಂದ ಬರತ್ತೆ. ಅಲ್ಲಿ ನಾವು ಬರೆದಿದ್ದು ನಮಗಿಂತ ಹೆಚ್ಚು ತಿಳಿದಿರೋ ಪರೀಕ್ಷಕರಿಗೆ, ಹಾಗಾಗಿ ಪ್ರತಿ ವಾಕ್ಯಕ್ಕೂ ಬೇಲಿ ಹಾಕಿ, ಆಧಾರ ಕೊಟ್ಟು ಬರೆಯೋ ಅಭ್ಯಾಸ ಆಗಿರತ್ತೆ. ಪಠ್ಯಪುಸ್ತಕ ಓದೋ ಹುಡುಗ ಹುಡುಗಿಗೆ ಆ ವಿಷಯ ಅವತ್ತೇ ಹೊಸದು. ಅವರಿಗೆ ಬರೆಯೋದು ಬೇರೇನೇ ಕೆಲಸ, ಅದನ್ನ ಬೇರೆಯಾಗೇ ಕಲೀಬೇಕು, ಮತ್ತು ಖಂಡಿತ ಕಲೀಬಹುದು.

ಶುರು ಮಾಡೋಕೆ ಮುಂಚೆ ನಿಮ್ಮ ವಿಷಯದಲ್ಲಿ ಈಗಾಗ್ಲೇ ಚಾಲ್ತಿಯಲ್ಲಿರೋ ಮೂರು ಪುಸ್ತಕ ತಗೊಳ್ಳಿ, ಮೂರರಲ್ಲೂ ಒಂದೇ ಅಧ್ಯಾಯ ತೆಗೆದು ಪಕ್ಕಪಕ್ಕ ಇಟ್ಕೊಂಡು ಓದಿ. ವಿಷಯಕ್ಕಾಗಿ ಓದಬೇಡಿ, ಕಟ್ಟಿರೋ ರೀತಿ ನೋಡಿ. ಮೊದಲ ಉದಾಹರಣೆ ಎಷ್ಟನೇ ಪುಟಕ್ಕೆ ಬಂತು, ಒಂದು ಪುಟಕ್ಕೆ ಎಷ್ಟು ಹೊಸ ಪದ ತುಂಬಿದ್ದಾರೆ, ಚಿತ್ರ ನಿಜಕ್ಕೂ ಏನಾದ್ರೂ ಹೇಳತ್ತಾ ಇಲ್ಲ ಸುಮ್ನೆ ಜಾಗ ತುಂಬಿದ್ಯಾ, ಅಭ್ಯಾಸದ ಪ್ರಶ್ನೆಗಳು ಸುಲಭದಿಂದ ಕಷ್ಟಕ್ಕೆ ಹೋಗ್ತಾವಾ ಅಂತ ಪೆನ್ಸಿಲ್ ಹಿಡ್ಕೊಂಡು ಗುರುತು ಹಾಕಿ. ಬರವಣಿಗೆ ಬಗ್ಗೆ ಎಷ್ಟೋ ವರ್ಕ್‌ಶಾಪ್‌ಗಳಲ್ಲಿ ಸಿಗದ ತಿಳುವಳಿಕೆ ಈ ಒಂದು ಸಂಜೆಯಲ್ಲಿ ಸಿಗತ್ತೆ ಅನ್ನೋದು ನನ್ನ ನಂಬಿಕೆ.

ಆಮೇಲೆ ಅಧ್ಯಾಯದ ಉದ್ದೇಶ ಬರೀರಿ. 'ವಿದ್ಯಾರ್ಥಿಗಳು ಒತ್ತಡದ ಬಗ್ಗೆ ತಿಳಿದುಕೊಳ್ಳುತ್ತಾರೆ' ಅಂತ ಬರೆದ್ರೆ ಅದರಿಂದ ಯಾರಿಗೂ ಉಪಯೋಗ ಇಲ್ಲ, ಯಾಕಂದ್ರೆ ತಿಳಿದುಕೊಂಡ್ರೋ ಇಲ್ವೋ ಅಂತ ನೋಡೋದು ಹೇಗೆ? 'ಬಲ ಮತ್ತು ವಿಸ್ತೀರ್ಣ ಕೊಟ್ಟರೆ ಒತ್ತಡ ಲೆಕ್ಕ ಹಾಕುತ್ತಾರೆ' ಅಂತ ಬರೀರಿ, ಆಗ ಪ್ರಶ್ನೆ ಯಾವುದು ಕೇಳಬೇಕು ಅನ್ನೋದೂ ತಾನಾಗೇ ಗೊತ್ತಾಗತ್ತೆ. ಅಮೆರಿಕದ ಶಿಕ್ಷಣ ಮನಶ್ಶಾಸ್ತ್ರಜ್ಞ ಬೆಂಜಮಿನ್ ಬ್ಲೂಮ್ ಮತ್ತು ಅವರ ಸಂಗಡಿಗರು 1956ರಲ್ಲಿ ಮಾಡಿದ ಕಲಿಕೆಯ ವರ್ಗೀಕರಣ 2001ರಲ್ಲಿ ಪರಿಷ್ಕಾರ ಆಯ್ತು. ನೆನಪಿಡೋದು, ಅರ್ಥ ಮಾಡಿಕೊಳ್ಳೋದು, ಬಳಸೋದು, ವಿಶ್ಲೇಷಿಸೋದು, ಮೌಲ್ಯಮಾಪನ ಮಾಡೋದು, ಸೃಷ್ಟಿಸೋದು ಅಂತ ಆರು ಹಂತ. ಬಿಎಡ್‌ನಲ್ಲಿ ಓದಿ ಮರೆತಿರ್ತೀರಿ, ಪುಸ್ತಕ ಬರೆಯುವಾಗ ಮತ್ತೆ ತೆಗೀರಿ. ನಿಮ್ಮ ಪ್ರಶ್ನೆಗಳೆಲ್ಲಾ ಮೊದಲ ಹಂತದಲ್ಲೇ ನಿಂತಿದ್ರೆ ಕಣ್ಣಿಗೆ ಬೀಳತ್ತೆ.

ಒಂದು ಪ್ಯಾರಾ ಹತ್ತಿರದಿಂದ ನೋಡೋಣ

'ಏಕಮಾನ ವಿಸ್ತೀರ್ಣದ ಮೇಲೆ ಲಂಬವಾಗಿ ಪ್ರಯೋಗವಾಗುವ ಬಲವನ್ನು ಒತ್ತಡ ಎನ್ನುವರು.' ಇದರಲ್ಲಿ ತಪ್ಪೇನೂ ಇಲ್ಲ. ಆದ್ರೆ ಇದೇ ಮೊದಲ ವಾಕ್ಯ ಆದ್ರೆ ಮಗು ಬಾಯಿಪಾಠ ಮಾಡತ್ತೆ ಅಷ್ಟೇ, ಏಕಮಾನ ಅಂದ್ರೆ ಏನು ಅಂತಾನೇ ಎಷ್ಟೋ ಮಕ್ಕಳಿಗೆ ಗೊತ್ತಿರಲ್ಲ. ಅದನ್ನೇ ಹೀಗೆ ಶುರು ಮಾಡಿ ನೋಡಿ: ಒಂದು ಡ್ರಾಯಿಂಗ್ ಪಿನ್ ತಗೊಂಡು ಮರದ ಹಲಗೆಗೆ ಒತ್ತಿ. ಹೆಬ್ಬೆರಳಿಗೆ ನೋವಾಗಲ್ಲ, ಮೊನೆ ಮಾತ್ರ ಹಲಗೆ ಒಳಗೆ ಇಳಿಯತ್ತೆ. ಎರಡೂ ಕಡೆ ಬಲ ಒಂದೇ, ಹಾಗಿದ್ರೆ ವ್ಯತ್ಯಾಸ ಎಲ್ಲಿಂದ ಬಂತು? ಇಲ್ಲಿ ನಿಲ್ಲಿಸಿ ಓದುಗರಿಗೆ ಯೋಚಿಸೋಕೆ ಬಿಡಿ. ಆಮೇಲೆ ಲೆಕ್ಕಕ್ಕೆ ಬನ್ನಿ. ಪಿನ್ನಿನ ತಲೆ 1 ಚದರ ಸೆಂಟಿಮೀಟರ್, ಮೊನೆ 0.1 ಚದರ ಮಿಲಿಮೀಟರ್ ಅಂತಿಟ್ಟುಕೊಂಡ್ರೆ ಮೊನೆಯ ವಿಸ್ತೀರ್ಣ 1000 ಪಟ್ಟು ಕಮ್ಮಿ, ಹಾಗಾಗಿ ಅಲ್ಲಿ ಒತ್ತಡ 1000 ಪಟ್ಟು ಜಾಸ್ತಿ. 20 ನ್ಯೂಟನ್ ಬಲಕ್ಕೆ ತಲೆ ಕಡೆ 2 ಲಕ್ಷ ಪಾಸ್ಕಲ್, ಮೊನೆ ಕಡೆ 20 ಕೋಟಿ ಪಾಸ್ಕಲ್. ಈಗ ಆ ವ್ಯಾಖ್ಯೆ ಕೊಡಿ, ಈಗ ಅದು ಓದುಗರು ಕಂಡುಕೊಂಡಿರೋದಕ್ಕೆ ಹೆಸರು ಅಷ್ಟೇ ಆಗತ್ತೆ. ಪ್ರತಿ ಪರಿಕಲ್ಪನೆಗೂ ಇದೇ ಅಚ್ಚು ಬೇಡ, ಕೆಲವು ಕಡೆ ವ್ಯಾಖ್ಯೆ ಮೊದಲು ಬಂದ್ರೇನೇ ಚೆಂದ, ಆದ್ರೆ ಎರಡೂ ಥರ ಬರೆದು ನೋಡದೇ ತೀರ್ಮಾನ ಮಾಡಬೇಡಿ.

ಅಧ್ಯಾಯ ಮುಗಿದ ತಕ್ಷಣ ಪ್ರಕಾಶಕರಿಗೆ ಕಳಿಸೋದಲ್ಲ, ನಾಲ್ಕೈದು ವಿದ್ಯಾರ್ಥಿಗಳ ಕೈಲಿ ಒಬ್ಬೊಬ್ಬರಾಗಿ ಗಟ್ಟಿಯಾಗಿ ಓದಿಸಿ. ನೀವು ಪಕ್ಕದಲ್ಲಿ ಕೂತು ಬಾಯಿ ಮುಚ್ಕೊಂಡಿರಬೇಕು, ಇದೇ ಎಲ್ಲಕ್ಕಿಂತ ಕಷ್ಟದ ಭಾಗ, ಯಾಕಂದ್ರೆ ಅವರು ತಡವರಿಸಿದ ಕೂಡ್ಲೇ ವಿವರಿಸೋಕೆ ನಾಲಿಗೆ ತುರಿಸತ್ತೆ. ವಿವರಿಸಿದ್ರೆ ಪರೀಕ್ಷೆ ಕೆಟ್ಟಿತು, ಪುಸ್ತಕದ ಜೊತೆ ನೀವೇನೂ ಮನೆಮನೆಗೆ ಹೋಗಲ್ಲವಲ್ಲ. ಎಲ್ಲಿ ನಿಂತ್ರು, ಯಾವ ವಾಕ್ಯಕ್ಕೆ ಮತ್ತೆ ವಾಪಸ್ ಹೋದ್ರು, ಯಾವ ಚಿತ್ರವನ್ನ ನೋಡದೇ ದಾಟಿದ್ರು ಅಂತ ಗುರುತು ಮಾಡ್ಕೊಳ್ಳಿ. ಕೊನೆಗೆ ಪುಸ್ತಕ ಮುಚ್ಚಿಸಿ, 'ಈಗ ಓದಿದ್ದನ್ನ ನಿನ್ನ ಮಾತಲ್ಲಿ ಹೇಳಪ್ಪ' ಅಂತ ಕೇಳಿ. ಇಬ್ಬರು ಒಂದೇ ಜಾಗದಲ್ಲಿ ಎಡವಿದ್ರೆ ತಪ್ಪು ಅವರದ್ದಲ್ಲ, ಆ ಜಾಗ ತಿದ್ದಿ.

ಟೈಮ್ ಎಲ್ಲಿಂದ ತರೋದು?

ರಜೆ ಬರಲಿ, ಒಟ್ಟಿಗೆ ಕೂತು ಬರೆದು ಮುಗಿಸ್ತೀನಿ ಅನ್ನೋರ ಪುಸ್ತಕ ರಜೆಯಿಂದ ರಜೆಗೆ ಹೋಗ್ತಾನೇ ಇರತ್ತೆ. ರಾಬರ್ಟ್ ಬಾಯ್ಸ್ ಅನ್ನೋ ಮನಶ್ಶಾಸ್ತ್ರಜ್ಞರು ಕಾಲೇಜು ಅಧ್ಯಾಪಕರ ಬರವಣಿಗೆ ಅಭ್ಯಾಸದ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು, ದಿನಾ ಸ್ವಲ್ಪ ಸ್ವಲ್ಪ ಹೊತ್ತು ತಪ್ಪದೇ ಕೂರೋರು ಒಂದೇ ಸಲ ಗುಡ್ಡೆ ಹಾಕಿ ಬರೆಯೋರಿಗಿಂತ ಹೆಚ್ಚು ಬರೀತಾರೆ ಅನ್ನೋದು ಅವರು ಕಂಡುಕೊಂಡಿದ್ದು. ದಿನಕ್ಕೆ ಅರ್ಧ ಗಂಟೆ ಸಾಕು, ಆದ್ರೆ ಟೈಮ್‌ಟೇಬಲ್‌ನಲ್ಲಿ ಕ್ಲಾಸ್ ಬರೆದಿಡೋ ಹಾಗೆ ಅದನ್ನೂ ಬರೆದಿಡಿ. ಬರೆಯೋ ಇನ್ನಿಬ್ಬರು ಮೂವರು ಸೇರಿ ವಾರಕ್ಕೊಮ್ಮೆ ಕೂತು ಎಷ್ಟಾಯ್ತು ಅಂತ ಹೇಳ್ಕೊಳ್ಳೋ ಗುಂಪು ಮಾಡ್ಕೊಂಡ್ರೆ ಇನ್ನೂ ಒಳ್ಳೇದು. ಲೇಖಕರಿಗೆ ಅಂತಲೇ ಇರೋ ಸಂಘಗಳೂ ಇವೆ, ಅಮೆರಿಕದ ಟೆಕ್ಸ್ಟ್‌ಬುಕ್ ಆ್ಯಂಡ್ ಅಕಾಡೆಮಿಕ್ ಆಥರ್ಸ್ ಅಸೋಸಿಯೇಷನ್ 1987ರಿಂದ ಇದೇ ಕೆಲಸ ಮಾಡ್ತಿದೆ.

ಸಂಶೋಧನಾ ಲೇಖನ ಬರೆಯೋರಿಗೂ ಒಂದೆರಡು ಮಾತು. ಆರ್ಕಿಡ್ (ORCID) ಐಡಿ, ಅಂದ್ರೆ ಸಂಶೋಧಕರ ಗುರುತಿನ ಸಂಖ್ಯೆ ಇಲ್ಲದಿದ್ರೆ ಇವತ್ತೇ ಮಾಡ್ಕೊಳ್ಳಿ, 16 ಅಂಕಿಯ ಆ ಗುರುತು 2012ರಿಂದ ಇದೆ, ಫ್ರೀ, ಒಂದೇ ಹೆಸರಿನ ಹತ್ತು ಜನ ಇದ್ರೂ ನಿಮ್ಮ ಲೇಖನ ನಿಮ್ಮ ಲೆಕ್ಕಕ್ಕೇ ಸೇರತ್ತೆ. 'ಒಂದೇ ವಾರದಲ್ಲಿ ಪ್ರಕಟ' ಅಂತ ಮೇಲ್ ಕಳಿಸೋ ಜರ್ನಲ್‌ಗೆ ದುಡ್ಡು ಕಟ್ಟೋಕೆ ಮುಂಚೆ ಅದರ ಸಂಪಾದಕ ಮಂಡಳಿ, ಹಳೇ ಸಂಚಿಕೆಗಳು, ಶುಲ್ಕದ ವಿವರ ನೋಡಿ, ಥಿಂಕ್ ಚೆಕ್ ಸಬ್ಮಿಟ್ ಅನ್ನೋ ಪ್ರಶ್ನಾವಳಿ ಇದಕ್ಕೇ ಇರೋದು. ಸಹಲೇಖಕರು ಯಾರು ಯಾವ ಕೆಲಸ ಮಾಡ್ತಾರೆ, ಹೆಸರು ಯಾವ ಕ್ರಮದಲ್ಲಿ ಅನ್ನೋದನ್ನ ಶುರುವಲ್ಲೇ ಬರೆದಿಡಿ. ಕ್ರೆಡಿಟ್ (CRediT) ಅನ್ನೋ ಲೇಖಕರ ಕೆಲಸಗಳ ಪಟ್ಟಿಯಲ್ಲಿ ಇದಕ್ಕೆ 14 ಪಾತ್ರಗಳಿವೆ, ಅದನ್ನೇ ಬಳಸಿ. ಎಐ ಬಳಸಿದ್ರೆ ಹೇಳಿ, ಮತ್ತು ಅದನ್ನ ಲೇಖಕ ಅಂತ ಹಾಕೋ ಹಾಗಿಲ್ಲ, ಪ್ರಕಟಣಾ ನೀತಿ ನೋಡಿಕೊಳ್ಳೋ ಕೋಪ್ (COPE) ಸಂಸ್ಥೆ 2023ರಲ್ಲೇ ಇದನ್ನ ಸ್ಪಷ್ಟ ಮಾಡಿದೆ. ಜರ್ನಲ್ ಪರವಾಗಿ ಲೇಖನ ಓದಿದ ವಿಮರ್ಶಕರ ರಿವ್ಯೂ ಬಂದಾಗ ಎರಡು ದಿನ ಉತ್ತರ ಬರೀಬೇಡಿ. ಆಮೇಲೆ ಅವರ ಮಾತು ಒಂದು ಕಡೆ, ನೀವು ಏನು ಬದಲಾಯಿಸಿದ್ರಿ ಎಷ್ಟನೇ ಪುಟದಲ್ಲಿ ಅನ್ನೋದು ಇನ್ನೊಂದು ಕಡೆ ಅಂತ ಟೇಬಲ್ ಮಾಡಿ ಕಳಿಸಿ. ಒಪ್ಪದೇ ಇದ್ದಲ್ಲಿ ಕಾರಣ ಕೊಡಿ, ಸಿಟ್ಟು ಬೇಡ.

ಸಹಿ ಹಾಕೋಕೆ ಮುಂಚೆ

ಲೇಖಕರು ಅತಿ ಕಮ್ಮಿ ಕಲಿಯೋದು ಮತ್ತು ಅತಿ ಹೆಚ್ಚು ಕಳ್ಕೊಳ್ಳೋದು ಒಪ್ಪಂದದಲ್ಲಿ. ಪುಸ್ತಕ ಬರ್ತಿದೆಯಲ್ಲ ಅನ್ನೋ ಖುಷೀಲಿ ಓದದೇ ಸಹಿ ಹಾಕ್ತಾರೆ, ಇದು ನೋಡೋಕೇ ಸಂಕಟ ಆಗತ್ತೆ. ರಾಯಲ್ಟಿ, ಅಂದ್ರೆ ಮಾರಾಟದಲ್ಲಿ ಲೇಖಕರ ಪಾಲು, ಶೇ. 10 ಅಂದ್ರೆ ಯಾವುದರ ಮೇಲೆ ಶೇ. 10? ಮುಖಬೆಲೆ 100 ಇದ್ದು ಅಂಗಡಿಯವರಿಗೆ ಶೇ. 40 ರಿಯಾಯಿತಿ ಕೊಟ್ರೆ ಪ್ರಕಾಶಕರ ಕೈಗೆ ಬರೋದು 60. ಮುಖಬೆಲೆ ಮೇಲಾದ್ರೆ ನಿಮಗೆ 10, ಕೈಗೆ ಬಂದ ಹಣದ ಮೇಲಾದ್ರೆ 6. ಅದೇ ಪರ್ಸೆಂಟ್, ಬೇರೆ ದುಡ್ಡು. ಇಬುಕ್, ಅನುವಾದ, ಆಡಿಯೋ ಇವುಗಳ ಪಾಲು ಬೇರೆ ಬೇರೆಯಾಗಿ ಬರೆದಿದ್ಯಾ ನೋಡಿ. ಹಕ್ಕುಸ್ವಾಮ್ಯ ಪೂರ್ತಿ ಬಿಟ್ಟುಕೊಡ್ತಿದೀರಾ, ಇಲ್ಲ ಪ್ರಕಟಿಸೋ ಅನುಮತಿ ಮಾತ್ರ ಕೊಡ್ತಿದೀರಾ? ಹಕ್ಕುಸ್ವಾಮ್ಯದ ಬಗ್ಗೆ ದೇಶಗಳು ಮಾಡಿಕೊಂಡಿರೋ ಬರ್ನ್ ಒಪ್ಪಂದದ ಪ್ರಕಾರ ಲೇಖಕರು ತೀರಿಕೊಂಡ ಮೇಲೂ ಕನಿಷ್ಠ 50 ವರ್ಷ ಹಕ್ಕು ಇರತ್ತೆ, ಅಂದ್ರೆ ನೀವು ಹಾಕೋ ಸಹಿ ನಿಮ್ಮ ಮಕ್ಕಳ ಕಾಲಕ್ಕೂ ಹೋಗತ್ತೆ. ಪುಸ್ತಕ ಮಾರಾಟದಲ್ಲಿ ಇಲ್ಲದಾದ್ರೆ ಹಕ್ಕು ವಾಪಸ್ ಬರತ್ತೆ ಅನ್ನೋ ಸಾಲು ಇರಲೇಬೇಕು. ಮುಂದಿನ ಆವೃತ್ತಿ ನೀವು ಮಾಡೋಕಾಗದಿದ್ರೆ ಯಾರು ಮಾಡ್ತಾರೆ, ಆಗ ನಿಮ್ಮ ಹೆಸರು ಮತ್ತು ಪಾಲು ಏನಾಗತ್ತೆ ಅಂತ ಕೇಳಿ. ಬೇರೆಯವರ ಚಿತ್ರ, ಕೋಷ್ಟಕ ಬಳಸೋ ಅನುಮತಿಗೆ ದುಡ್ಡು ಯಾರು ಕೊಡ್ತಾರೆ ಅನ್ನೋದನ್ನೂ. ಅದೇ ವಿಷಯದಲ್ಲಿ ಇನ್ನೊಂದು ಪುಸ್ತಕ ಬರೆಯೋ ಹಾಗಿಲ್ಲ ಅನ್ನೋ ಷರತ್ತು ತುಂಬಾ ಅಗಲವಾಗಿದ್ರೆ ಕಿರಿದು ಮಾಡಿಸಿ. ಕೇಳಿದ್ರೆ ಪುಸ್ತಕ ಕೈತಪ್ಪತ್ತೆ ಅಂತ ಹೆದರಬೇಡಿ, ಪ್ರಕಾಶಕರು ಇಂಥ ಮಾತುಕತೆ ದಿನಾ ನಡೆಸೋರೇ, ಸಾಧ್ಯ ಆದ್ರೆ ಹಕ್ಕುಸ್ವಾಮ್ಯ ತಿಳಿದಿರೋ ವಕೀಲರಿಗೆ ಒಂದ್ಸಲ ತೋರಿಸಿ.

ಎಲ್ಲರಿಗೂ ಉಚಿತವಾಗಿ ಸಿಗಲಿ ಅನ್ನೋರಿಗೆ ಕ್ರಿಯೇಟಿವ್ ಕಾಮನ್ಸ್ (ಸಿಸಿ) ಲೈಸೆನ್ಸ್ ಇದೆ, ಅಂದ್ರೆ ಯಾರು ಹೇಗೆ ಬಳಸಬಹುದು ಅಂತ ಮೊದಲೇ ಕೊಟ್ಟಿಡೋ ಅನುಮತಿ. ಸಿಸಿ ಬೈ ಹಾಕಿದ್ರೆ ಹೆಸರು ಹೇಳಿ ಯಾರು ಬೇಕಾದ್ರೂ ಬಳಸಬಹುದು, ತಿದ್ದಬಹುದು, ಮಾರಾಟನೂ ಮಾಡಬಹುದು. ಎನ್‌ಸಿ ಸೇರಿಸಿದ್ರೆ ವ್ಯಾಪಾರಕ್ಕೆ ಬಳಸೋ ಹಾಗಿಲ್ಲ. ಎನ್‌ಡಿ, ಅಂದ್ರೆ ಬದಲಾಯಿಸಿ ಹಂಚೋ ಹಾಗಿಲ್ಲ ಅನ್ನೋ ಷರತ್ತು, ಸೇರಿಸೋಕೆ ಮುಂಚೆ ಮಾತ್ರ ಯೋಚಿಸಿ, ಯಾಕಂದ್ರೆ ಆಗ ನಿಮ್ಮನ್ನ ಕೇಳದೇ ಅನುವಾದ ಮಾಡಿ ಹಂಚೋಕೂ ಆಗಲ್ಲ.

ಪುಸ್ತಕ ಬಂದ ದಿನವೇ ಕಂಪ್ಯೂಟರ್‌ನಲ್ಲಿ ತಿದ್ದುಪಡಿ ಅಂತ ಒಂದು ಫೈಲ್ ತೆರೆದಿಡಿ. ಯಾವ ಪುಟ, ಯಾವ ಸಾಲು, ಯಾರು ಹೇಳಿದ್ರು, ಸರಿ ಏನು, ಇಷ್ಟೇ ಕಾಲಂ ಸಾಕು. ಪಾಠ ಮಾಡುವಾಗ ಮಕ್ಕಳು ಪದೇ ಪದೇ ಕೇಳೋ ಪ್ರಶ್ನೆಗಳನ್ನೂ ಅದರಲ್ಲೇ ಹಾಕ್ತಾ ಹೋಗಿ, ಬೇರೆ ಕಾಲೇಜಿನವರು ಆ ಪುಸ್ತಕ ಬಳಸ್ತಿದ್ರೆ ಅವರ ಹತ್ರನೂ ಕೇಳಿ ಸೇರಿಸಿ. ಎರಡನೇ ಆವೃತ್ತಿ ಬೇಕು ಅಂತ ಪ್ರಕಾಶಕರ ಫೋನ್ ಬಂದಾಗ ಸಾಮಾನ್ಯವಾಗಿ ಸಿಗೋದು ಕೆಲವೇ ವಾರ, ಆಗ ಯಾವ ಅಧ್ಯಾಯ ಪೂರ್ತಿ ಮತ್ತೆ ಬರೀಬೇಕು, ಯಾವುದು ಹಾಗೇ ಇರಲಿ ಅನ್ನೋದನ್ನ ಈ ಫೈಲ್ ನೋಡಿಯೇ ಹೇಳಬಹುದು.