ಮಳೆಗಾಲಕ್ಕೆ ಕಾನ್ಫರೆನ್ಸ್ ಕಾಲ್, ಬೇಸಿಗೆಗೆ ಮೇಜು: ಕೊಡಗಿನಲ್ಲಿ ಡಿ ಅಂಡ್ ಡಿ ಆಡಿಸಿದ ನನ್ನ ಅನುಭವ

ಡಿ ಅಂಡ್ ಡಿ ಎಂದರೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಡಿಎಂ (ಡಂಜನ್ ಮಾಸ್ಟರ್) ಕಥೆ ನಡೆಸುತ್ತಾನೆ, ಉಳಿದವರು ಒಂದೊಂದು ಪಾತ್ರವಾಗಿ ಮಾತು, ದಾಳಗಳಲ್ಲಿ ಆಡುತ್ತಾರೆ. ಹೀಗೆ ಆಟದಿಂದ ಆಟಕ್ಕೆ ಮುಂದುವರಿಯುವ ಕಥೆಯೇ ಕ್ಯಾಂಪೇನ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನಲ್ಲಿ ಕ್ಯಾಂಪೇನ್ ಓಡಿಸಲು ಆಗುವುದೇ ಇಲ್ಲ, ನೆಟ್ ನಿಲ್ಲದ ಊರಲ್ಲಿ ಆನ್‌ಲೈನ್ ಆಟ ಎಂಥದು ಎಂದು ಬೆಂಗಳೂರಿನ ಡಿಎಂ ಗೆಳೆಯರು ಹೇಳುತ್ತಿದ್ದರು. ಈಗ ಎರಡನೇ ಮಳೆಗಾಲವೂ ದಾಟಿತು. ಅದೇ ಕ್ಯಾಂಪೇನ್, ಅದೇ ಐದು ಆಟಗಾರರು, ಪಾತ್ರಗಳು ಏಳನೇ ಲೆವೆಲ್‌ಗೆ ಬಂದಿವೆ. ಹಾಗೆ ಹೇಳಿದವರ ಪೈಕಿ ಇಬ್ಬರ ಕ್ಯಾಂಪೇನ್ ಈ ನಡುವೆ ನಿಂತುಹೋಗಿದೆ.

ವರ್ಚುವಲ್ ಟೇಬಲ್‌ಟಾಪ್‌ಗಳ (ಆಟದ ಮೇಜನ್ನು ಪರದೆಯ ಮೇಲೆ ತರುವ ಸಾಫ್ಟ್‌ವೇರ್‌ಗಳ) ವಿಷಯ ಬೇಗ ಮುಗಿಸುತ್ತೇನೆ. ಅವುಗಳಲ್ಲೊಂದಾದ ಫೌಂಡ್ರಿಗೆ ಡಿಎಂ ಒಬ್ಬ ದುಡ್ಡು ಕೊಟ್ಟರೆ ಸಾಕು. ಬೆಲೆ ಸುಮಾರು 50 ಡಾಲರ್, ತೆರಿಗೆ ಸೇರಿ ನನಗೆ ಐದು ಸಾವಿರದ ಹತ್ತಿರ ಬಿತ್ತು. ಆದರೆ ಅದು ಫೋನಿನ ಪರದೆಗೆ ಮಾಡಿದ್ದಲ್ಲ, ನಮ್ಮಲ್ಲಿ ಮೂವರ ಬಳಿ ಫೋನ್ ಬಿಟ್ಟರೆ ಬೇರೇನಿಲ್ಲ. ಮೊಬೈಲ್ ಡೇಟಾದಲ್ಲಿ ಪಬ್ಲಿಕ್ ಐಪಿ (ಹೊರಗಿನವರು ನೇರ ತಲುಪುವ ನೆಟ್ ವಿಳಾಸ) ಸಾಮಾನ್ಯವಾಗಿ ಸಿಗುವುದಿಲ್ಲವಾದ್ದರಿಂದ ಫೌಂಡ್ರಿಯ 30000 ನಂಬರಿನ ಪೋರ್ಟ್ ತೆರೆದು ಕೂತರೂ ಯಾರೂ ಒಳಗೆ ಬರಲಾರರು. ನಡುವಿನ ಸರ್ವರ್ ಮೂಲಕ ದಾರಿ ಮಾಡಿಕೊಡುವ ಟನಲ್ ಹಾಕಿದ ಮೇಲೆ ಓಡಿತು, ಲೈನಿನ ಮೇಲೆ ಮೊದಲ ಮರ ಬೀಳುವವರೆಗೆ. ರೌಟರ್‌ಗೆ 12 ವೋಲ್ಟಿನ ಮಿನಿ ಯುಪಿಎಸ್ ಹಾಕಿದ್ದೂ ದಂಡ. ಮನೆಯಲ್ಲಿ ರೌಟರ್ ದೀಪ ಉರಿಯುತ್ತಿರುತ್ತದೆ, ದಾರಿಯಲ್ಲಿ ಎಲ್ಲೋ ಇರುವ ನೆಟ್ ಪೆಟ್ಟಿಗೆಗೆ ಕರೆಂಟ್ ಇರುವುದಿಲ್ಲ.

ಸಿಗ್ನಲ್ ಒಂದು ಕಡ್ಡಿಗೆ ಇಳಿದಾಗ ಮೊದಲು ಸಾಯುವುದು ಡೇಟಾ. ಮಾತಿನ ಕಾಲ್ ಆಮೇಲೂ ಬಹಳ ಹೊತ್ತು ಬದುಕಿರುತ್ತದೆ, ಎಸ್ಎಂಎಸ್ ಅದಕ್ಕಿಂತಲೂ ಗಟ್ಟಿ. ಹಾಗಾಗಿ ಆಟವನ್ನೇ ಕಾಲ್‌ಗೆ ಇಳಿಸಿದೆ. ಮಾಮೂಲಿ ಫೋನಿನ ಕಾನ್ಫರೆನ್ಸ್‌ನಲ್ಲಿ ಕೂಡಿಸುವವನ ಜೊತೆ ಇನ್ನೂ ಐವರು ಸೇರಬಹುದು. ಡಿಎಂ ಮತ್ತು ಐದು ಆಟಗಾರರು ಎಂದರೆ ಲೆಕ್ಕ ಸರಿಹೋಯಿತು.

ಇದರಲ್ಲಿ ಕೆಡುವುದು ಎರಡು ಕಡೆ. ಕಾಲ್ ಕೂಡಿಸಿದವನ ಲೈನ್ ಹೋದರೆ ಎಲ್ಲರದೂ ಹೋಗುತ್ತದೆ. ಆದ್ದರಿಂದ ಕೂಡಿಸುವ ಕೆಲಸ ಡಿಎಂಗೆ ಬೇಡ, ಟವರ್‌ಗೆ ಹತ್ತಿರ ಇರುವವನಿಗೆ ಕೊಡಿ. ಎರಡನೆಯದು ಕಾಲ್ ವೇಟಿಂಗ್. ಯಾರೋ ಒಬ್ಬರು ನಡುವೆ ಬಂದ ಕರೆ ತೆಗೆದರೆ ಹೋಲ್ಡ್ ಸಂಗೀತ ಉಳಿದವರೆಲ್ಲರ ಕಿವಿಗೆ ಬೀಳುತ್ತದೆ, ಡ್ರ್ಯಾಗನ್ ಎದುರಿಗಿದ್ದಾಗಲೇ. ಆಟಕ್ಕೆ ಮುಂಚೆ ಆರೂ ಜನ ಸೆಟಿಂಗ್‌ನಲ್ಲಿ ಅದನ್ನು ಆಫ್ ಮಾಡಲೇಬೇಕು. ತಗಡಿನ ಮಾಡಿನ ಕೆಳಗೆ ಕೂರುವವರಿಗೆ ಸ್ಪೀಕರ್ ನಿಷೇಧ: ತಂತಿಯ ಇಯರ್‌ಫೋನ್, ಮೈಕ್ ಬಾಯಿಯಿಂದ ಎರಡು ಬೆರಳು ದೂರ, ತನ್ನ ಸರದಿ ಇಲ್ಲದಾಗ ಮ್ಯೂಟ್.

ನಕ್ಷೆ ಹೇಗೆ ಎಂದು ಎಲ್ಲರೂ ಕೇಳುತ್ತಾರೆ. ನಕ್ಷೆ ಕಾಗದದ್ದು, ಎಲ್ಲರ ಕೈಯಲ್ಲೂ ಒಂದೊಂದು ಪ್ರತಿ. ಎ4 ಹಾಳೆಯಲ್ಲಿ 1.8 ಸೆಂ.ಮೀ. ಚೌಕ ಹಾಕಿದರೆ ಅಡ್ಡಕ್ಕೆ 10, ಉದ್ದಕ್ಕೆ 15 ಕೂರುತ್ತದೆ. ಚೌಕಗಳಿಗೆ ಇಂಗ್ಲಿಷ್ ಅಕ್ಷರ ಇಟ್ಟರೆ ಕಾಲ್‌ನಲ್ಲಿ ಬಿ, ಡಿ, ಇ, ಜಿ, ಪಿ ಎಲ್ಲ ಒಂದೇ ಥರ ಕೇಳುತ್ತವೆ. ಕ, ಗ, ಚ ಇಟ್ಟರೂ ಅದೇ ಪಾಡು. ನಾನು ಕಂಬಸಾಲುಗಳಿಗೆ ನಮ್ಮ ಊರುಗಳ ಹೆಸರಿಟ್ಟೆ, ಉತ್ತರದಿಂದ ದಕ್ಷಿಣಕ್ಕೆ: ಶನಿವಾರಸಂತೆ, ಸೋಮವಾರಪೇಟೆ, ಕುಶಾಲನಗರ, ಮಡಿಕೇರಿ, ಭಾಗಮಂಡಲ, ನಾಪೋಕ್ಲು, ಅಮ್ಮತ್ತಿ, ಗೋಣಿಕೊಪ್ಪ, ಬಾಳೆಲೆ, ಕುಟ್ಟ. ಸೋಮವಾರಪೇಟೆ ಇರುವುದರಿಂದ ವಿರಾಜಪೇಟೆ, ಪೊನ್ನಂಪೇಟೆ ಇಲ್ಲ. ಗೋಣಿಕೊಪ್ಪ ಇರುವುದರಿಂದ ಸುಂಟಿಕೊಪ್ಪ ಇಲ್ಲ. ಭಾಗಮಂಡಲ ಬಂದ ಮೇಲೆ ಶ್ರೀಮಂಗಲವನ್ನೂ ಬಿಟ್ಟೆ. "ಗಾಬ್ಲಿನ್ ನಾಪೋಕ್ಲು ಆರು" (ಆ ಕಂಬಸಾಲಿನ ಆರನೇ ಚೌಕ) ಅಂದರೆ ಎಷ್ಟು ಕರಕರ ಇದ್ದರೂ ತಪ್ಪುವುದಿಲ್ಲ, ಯಾವುದರ ಪಕ್ಕ ಯಾವುದು ಎಂದು ಯಾರಿಗೂ ಹೇಳಿಕೊಡಬೇಕಾಗಿಯೂ ಇಲ್ಲ. ಯಾರು ಯಾವ ಚೌಕದಲ್ಲಿ ಎಂದು ತೋರಿಸುವ ಟೋಕನ್‌ಗೆ ಕಾಫಿ ಬೀಜ, ಚಪ್ಪಟೆ ಮುಖ ಕೆಳಗೆ. ಪೀಬೆರಿ (ಒಂಟಿ ಬೀಜ) ಆರಿಸಿ ತೆಗೆದುಬಿಡಿ, ಅದು ದುಂಡಗಿರುವುದರಿಂದ ಉರುಳುತ್ತದೆ. ಒಳ್ಳೆಮೆಣಸಂತೂ ಬೇಡವೇ ಬೇಡ. ಎರಡು ಸುತ್ತಿಗೊಮ್ಮೆ ಎಲ್ಲರ ಜಾಗ ಓದಿ ತಾಳೆ ನೋಡಬೇಕು. ಅರ್ಧ ನಿಮಿಷದ ಕೆಲಸ ಅಷ್ಟೆ, ಬಿಟ್ಟರೆ ಮೂರನೇ ಸುತ್ತಿಗೆ ಆರು ಜನರ ಎದುರು ಆರು ಬೇರೆ ಬೇರೆ ಯುದ್ಧ ನಡೆಯುತ್ತಿರುತ್ತದೆ.

ನಕ್ಷೆಗಳು, ಪತ್ರಗಳು, ರಾಕ್ಷಸರ ಚಿತ್ರಗಳನ್ನು ಮೇ ಕೊನೆಯ ಮೇಜಿನಾಟದ ದಿನವೇ ನಂಬರ್ ಹಾಕಿದ ಅಂಟಿಸಿದ ಲಕೋಟೆಗಳಲ್ಲಿ ಹಂಚುತ್ತೇನೆ, ಒಬ್ಬರಿಗೆ ಇಪ್ಪತ್ತರ ಆಸುಪಾಸು. ಹೇಳಿದಾಗ ಮಾತ್ರ ಒಡೆಯಬೇಕು. ಕೆಲವು ಸುಳ್ಳು ಲಕೋಟೆ, ಅವನ್ನು ಎಂದೂ ಒಡೆಯಿಸುವುದಿಲ್ಲ. ಮೊದಲೇ ಇಣುಕಿದವರನ್ನು ಹಿಡಿಯಲು ಒಂದು ಉಪಾಯ ಇದೆ, ನನ್ನ ಆಟಗಾರರೂ ಇದನ್ನು ಓದುವುದರಿಂದ ಬರೆಯುವುದಿಲ್ಲ. ಲಕೋಟೆ ಕಟ್ಟನ್ನು ಜಿಪ್ ಕವರ್‌ನಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಬೇಕು. ಇಲ್ಲದಿದ್ದರೆ ಜುಲೈಯಲ್ಲಿ ಅಂಟು ತಾನೇ ಬಿಡುತ್ತದೆ, ಕಾಗದ ಬೂಷ್ಟು ಹಿಡಿಯುತ್ತದೆ.

ನಿಯಮಗಳನ್ನೂ ಸ್ವಲ್ಪ ಕತ್ತರಿಸಬೇಕು. ಒಬ್ಬೊಬ್ಬರ ಇನಿಶಿಯೇಟಿವ್ (ಯುದ್ಧದಲ್ಲಿ ಯಾರ ಸರದಿ ಮೊದಲು ಎಂದು ಹಾಕುವ ದಾಳ) ಬೇಡ, ಪಕ್ಷಕ್ಕೊಂದು ಸಾಕು. ಹೊಡೆತದ ದಾಳ, ಡ್ಯಾಮೇಜ್ ದಾಳ ಒಟ್ಟಿಗೇ ಹಾಕಬೇಕು. ಡಿಎಂ ಡಿಸಿ (ಗೆಲ್ಲಲು ಮುಟ್ಟಬೇಕಾದ ಅಂಕಿ) ಎಷ್ಟೆಂದು ಮೊದಲೇ ಜೋರಾಗಿ ಹೇಳಬೇಕು, ಆಗ ದಾಳ ಯಾರಿಗೂ ಕಾಣದಿದ್ದರೂ ಆಟದ ಬಿಗಿ ಉಳಿಯುತ್ತದೆ. ಗುಟ್ಟಿನ ಮಾತು ಎಸ್ಎಂಎಸ್‌ನಲ್ಲಿ. ಎರಡೂವರೆ ಗಂಟೆಗೆ ನಿಲ್ಲಿಸಿ, ಬರೀ ಕಿವಿಯಲ್ಲಿ ಅದಕ್ಕಿಂತ ಹೆಚ್ಚು ತಡೆಯಲಾಗುವುದಿಲ್ಲ. ಅರ್ಧ ಗಂಟೆಗೊಮ್ಮೆ ಕಥೆಯಲ್ಲಿ ನಿಲ್ಲಬಹುದಾದ ಜಾಗ ಇಟ್ಟುಕೊಂಡಿದ್ದರೆ ಟವರ್ ಹೋದರೂ ಆ ದಿನದ ಆಟ ದಂಡವಲ್ಲ. ಎಸ್ಆರ್‌ಡಿ 5.1 (ಡಿ ಅಂಡ್ ಡಿಯ ಮೂಲ ನಿಯಮಗಳ ದಾಖಲೆ) ಜನವರಿ 2023ರಲ್ಲಿ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ಗೆ ಬಂದದ್ದು ನಮಗೆ ದೊಡ್ಡ ಉಪಕಾರ: ಮೂಲದ ಹೆಸರು ಹಾಕಿ, ಬೇಕಾದ ನಿಯಮಗಳನ್ನು ಕನ್ನಡದಲ್ಲಿ ಎರಡು ಪುಟಕ್ಕೆ ಇಳಿಸಿ ಧೈರ್ಯವಾಗಿ ಹಂಚಬಹುದು.

ಮೇಜಿನ ಕಾಲ ಏಪ್ರಿಲ್, ಮೇ. ರೊಬಸ್ಟ ಕುಯ್ಲು ಮುಗಿದಿರುತ್ತದೆ, ಸಿಡಿಲಿಗೆ ಹೆದರಿ ಮೋಡೆಮ್‌ನ ವಯರ್ ಹೇಗೂ ಕಿತ್ತಿಟ್ಟಿರುತ್ತೇವೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಶುರು, ನಾಲ್ಕಕ್ಕೆ ಮುಕ್ತಾಯ. ಕತ್ತಲಾದ ಮೇಲೆ ಸಿದ್ದಾಪುರದ ಕಡೆ ಬೈಕಿನಲ್ಲಿ ಹೋಗುವವರಿಗೆ ಆನೆ ಭಯ ಇದ್ದೇ ಇದೆ. ಮೇಜಿಗೆ ನಾಲ್ಕಡಿ ಮೂರಡಿ ಫ್ಲೆಕ್ಸ್, ಮೇಲೆ ಒಂದಿಂಚಿನ ಚೌಕ, ಇನ್ನೂರು ಇನ್ನೂರೈವತ್ತು ರೂಪಾಯಿ. ಅಂಗಡಿಯಲ್ಲಿ ಅಳತೆ ಕುಗ್ಗಿಸದೆ ಪ್ರಿಂಟ್ ಹಾಕಲು ಹೇಳಿ, ಸ್ಕೇಲ್ ಇಟ್ಟು ನೋಡಿಯೇ ದುಡ್ಡು ಕೊಡಿ. ಫ್ಲೆಕ್ಸ್ ಮೇಲೆ ನೇರ ಬರೆದರೆ ವೈಟ್‌ಬೋರ್ಡ್ ಮಾರ್ಕರ್ ಕಲೆ ಉಳಿಯುತ್ತದೆ. ಡೈನಿಂಗ್ ಟೇಬಲ್‌ಗೆ ಹಾಸುವ ಪಾರದರ್ಶಕ ಶೀಟನ್ನು ಅದರ ಮೇಲೆ ಹಾಕಿದರೆ ಬಟ್ಟೆಯಲ್ಲಿ ಒರೆಸಿ ಮತ್ತೆ ಬರೆಯಬಹುದು. ದೊಡ್ಡ ಯುದ್ಧ, ಒಬ್ಬರ ಮೇಲೊಬ್ಬರು ಮಾತಾಡುವ ರಾಜಸಭೆ, ಪಾತ್ರದ ಸಾವು ಇವನ್ನೆಲ್ಲ ಮೇಜಿಗೇ ಕಾದಿಡುತ್ತೇನೆ. ಪ್ರಯಾಣ, ಪತ್ತೇದಾರಿ, ದೆವ್ವದ ಮನೆ ಕಾಲ್‌ನಲ್ಲೇ ಚೆಂದ, ಬರೀ ದನಿ ಮತ್ತು ಹೊರಗಿನ ಮಳೆ ಸಾಕಾಗುತ್ತದೆ.

ಡಿ20 (ಇಪ್ಪತ್ತು ಮುಖದ ದಾಳ) ಬದಲು ಆರು ಕವಡೆ ಹಾಕಿಯೂ ನೋಡಿದೆ. ಕವಡೆ ಎರಡೂ ಮುಖಕ್ಕೆ ಸಮ ಬೀಳುತ್ತದೆ ಎಂದುಕೊಂಡರೂ ಮೂರು ತೆರೆದು ಬೀಳುವುದು 64ಕ್ಕೆ 20 ಸಲ, ಆರೂ ತೆರೆಯುವುದು 64ಕ್ಕೆ ಒಂದೇ ಸಲ. ಡಿ20ಯಲ್ಲಾದರೆ ಪ್ರತಿ ಅಂಕಿಗೂ ಶೇ. 5. ಮೇಲಾಗಿ ಕವಡೆ ಸಮ ಬೀಳುವುದೂ ಇಲ್ಲ, ಒಂದೊಂದು ಜೊತೆಯದು ಒಂದೊಂದು ಗುಣ. ಹೊಡೆತಕ್ಕೆ ಬಿಟ್ಟೆ, ಶಕುನ ಕೇಳುವುದಕ್ಕೆ ಉಳಿಸಿಕೊಂಡೆ.

ಖರ್ಚು: ಕಲರ್ ಪ್ರಿಂಟ್ ಪುಟಕ್ಕೆ ಹತ್ತು ರೂಪಾಯಿ. ಲಕೋಟೆ ಎಲ್ಲ ಸೇರಿ ಒಂದು ಮಳೆಗಾಲಕ್ಕೆ ಸಾವಿರದ ಇನ್ನೂರರ ಹತ್ತಿರ, ಆರು ಪಾಲು. ಕಾಲ್‌ಗೆ ಬೇರೆ ದುಡ್ಡಿಲ್ಲ, ಎಲ್ಲರ ರೀಚಾರ್ಜ್‌ನಲ್ಲೂ ಅದು ಸೇರಿದೆ. ವಿರಾಜಪೇಟೆಯಿಂದ ಮಡಿಕೇರಿಗೆ ಹೋಗಿಬರಲು ಅರವತ್ತು ಕಿಲೋಮೀಟರ್ ಮೀರುತ್ತದೆ, ಆ ಪೆಟ್ರೋಲ್ ಉಳಿದದ್ದರಲ್ಲೇ ಈ ಖರ್ಚು ಹೋಯಿತು.

ಅರ್ಧ ಜನ ಮೇಜಿನಲ್ಲಿ, ಅರ್ಧ ಜನ ಕಾಲ್‌ನಲ್ಲಿ ಕೂರುವ ಬೆರಕೆ ಆಟ ಮಾತ್ರ ಬೇಡ. ಮೇಜಿನವರು ಕಣ್ಣಲ್ಲೇ ಮಾತಾಡಿ ತೀರ್ಮಾನ ಮುಗಿಸಿರುತ್ತಾರೆ, ಕಾಲ್‌ನಲ್ಲಿರುವವರಿಗೆ ಆಗಿಹೋದ ಸುದ್ದಿ ಮಾತ್ರ ತಲುಪುತ್ತದೆ. ಒಬ್ಬರಿಗೆ ಬರಲಾಗದಿದ್ದರೂ ಬಂದವರೆಲ್ಲ ಒಬ್ಬೊಬ್ಬರೇ ಬೇರೆ ಬೇರೆ ಕೋಣೆಗೆ, ಜಗಲಿಗೆ, ಕಣಕ್ಕೆ ಫೋನ್ ಹಿಡಿದು ಹೋಗಲಿ.